ರುದ್ರ ವಿಡಿಯೋ ಕಂಪನಿ ಮತ್ತು ದ್ವಾರಪಾಲಕನ ಒಂದು ಮಾತು

ರುದ್ರಮುನಿಯ ಕಂಪನಿಗಿಂತ ಕಂಪನಿಯ ಬೋರ್ಡೇ ದೊಡ್ಡದು. ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಗೂ ಟೈಲರ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಮಳಿಗೆ; ಅದರ ನೆತ್ತಿಯ ಮೇಲೆ, ಎರಡೂ ಕಡೆಯವರ ಗೋಡೆಯನ್ನು ಒಂದಿಷ್ಟು ಒತ್ತುವರಿ ಮಾಡಿಕೊಂಡು, 'ರುದ್ರ ವಿಡಿಯೋ ಡಿಸ್ಟ್ರಿಬ್ಯೂಟರ್ಸ್ – ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ' ಎಂಬ ಬರಹ. ಕೆಳಗೆ ಸಣ್ಣಕ್ಷರದಲ್ಲಿ 'ನಾಲ್ಕು ತಾಲ್ಲೂಕಿಗೆ ಏಕೈಕ ವಿತರಕರು'. ಇದನ್ನು ಸುಳ್ಳು ಅನ್ನುವ ಹಾಗಿಲ್ಲ. ಇವತ್ತಿನ ದಿನ ಕ್ಯಾಸೆಟ್ಟು ಹಂಚುವವನು ನಾಲ್ಕು ತಾಲ್ಲೂಕೇನು, ನಾಲ್ಕು ರಾಜ್ಯ ಜಾಲಾಡಿದರೂ ಇನ್ನೊಬ್ಬ ಸಿಕ್ಕುವುದಿಲ್ಲ. ಹಾಳೂರಿಗೆ ಉಳಿದವನೇ ಗೌಡ.

ಕಂಪನಿ ಹುಟ್ಟಿದ್ದು ಊರಿಗೆಲ್ಲ ಹತ್ತಿಪ್ಪತ್ತು ಟಿ.ವಿ. ಇದ್ದ ಕಾಲದಲ್ಲಿ. ಅಪ್ಪ ನಂದೀಶ್ವರಯ್ಯನವರು ದಿನಸಿ ಅಂಗಡಿಯ ಗಲ್ಲಾದ ಮುಂದೆ ಕೂರು ಮಗನೇ ಎಂದರೆ, ಮಗ ಬೆಂಗಳೂರಿಗೆ ಹೋಗಿ ಸಿನಿಮಾ ಕ್ಯಾಸೆಟ್ಟಿನ ಮೂಟೆ ಹೊತ್ತು ತಂದ. ಸಾಗಾಣಿಕೆ ವಿಭಾಗ ಪ್ರೈವೇಟ್ ಬಸ್ಸಿನ ಕಂಡಕ್ಟರುಗಳದು. ಶಿರಾ ಬಸ್ಸಿಗೆ ಹಿಂದಿ ಹೊಡೆದಾಟದ ಚೀಲ, ಪಾವಗಡದ ಬಸ್ಸಿಗೆ ತೆಲುಗಿನ ಚೀಲ, ಕೊರಟಗೆರೆಗೆ ಭಕ್ತಿ ಮತ್ತು ಅತ್ತೆ-ಸೊಸೆ. ಒಂದು ಸಲ ಚೀಲ ಅದಲುಬದಲಾಗಿ ಪಾವಗಡಕ್ಕೆ ಅತ್ತೆ-ಸೊಸೆ ಹೋದಾಗ, ಅಲ್ಲಿಯ ಅಂಗಡಿಯವನು ಫೋನು ಮಾಡಿ, "ಏಂ ಸಾಮಿ, ನಮ್ ಮನೇಲಿ ಇರೋದು ಸಾಲಲ್ವಾ" ಎಂದು ಕೇಳಿದ್ದ. ಸಾಲದ್ದಕ್ಕೆ ರುದ್ರಮುನಿ ವಿಸಿಟಿಂಗ್ ಕಾರ್ಡು ಬೇರೆ ಮಾಡಿಸಿದ. ಹೆಸರಿನ ಕೆಳಗೆ 'ಮ್ಯಾನೇಜಿಂಗ್ ಡೈರೆಕ್ಟರ್'. ಮ್ಯಾನೇಜ್ ಮಾಡಿಸಿಕೊಳ್ಳುವವರು ಯಾರೂ ಇರಲಿಲ್ಲ. ಹೆಂಡತಿ ಶಿವರುದ್ರಮ್ಮ ಮಾತ್ರ ಅಡುಗೆಮನೆಯಿಂದ, "ಎಂ.ಡಿ. ಸಾಹೇಬ್ರು ಉಣ್ಣಕ್ ಬತ್ತಾರೋ, ಮೀಟಿಂಗ್ ಐತೋ" ಎಂದು ಕೂಗುತ್ತಿದ್ದಳು.

ಆಮೇಲೆ ಕೇಬಲ್ ಟಿ.ವಿ. ಬಂತು. ಬಿಟ್ಟಿ ಸಿಕ್ಕುವಾಗ ಬಾಡಿಗೆ ಯಾರು ಕೊಟ್ಟಾರು? ಕಂಪನಿ ಮಕಾಡೆ ಮಲಗಿತು. ಅದನ್ನು ಎಬ್ಬಿಸಿ ಕೂರಿಸಿದ್ದು ನಮ್ಮ ಸೀಮೆಯ ನಾಟಕದ ಹುಚ್ಚು.

ಈ ಹುಚ್ಚಿನ ವಿಷಯ ಒಂದಿಷ್ಟು ಹೇಳಬೇಕು. ನಮ್ಮ ಕಡೆ ಹಳ್ಳಿಯವರು ಪೌರಾಣಿಕ ನಾಟಕ ಆಡಿದರೆ ಪಾರ್ಟು ಸಿಕ್ಕುವುದು ಕಂಠಕ್ಕಲ್ಲ, ಚಂದಾಕ್ಕೆ. ಹೆಚ್ಚು ಕೊಟ್ಟವನು ರಾಜ. ಅವನಿಗೆ 'ರ'ಕಾರ ಹೊರಳದಿದ್ದರೂ ಸರಿ, ಕಿರೀಟ ಅವನದೇ. ಆಮೇಲಿನವನು ಸೇನಾಪತಿ. ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರು ಇವರ ಬಾಯಿ ತಿದ್ದಿ ತಿದ್ದಿ ಹಣ್ಣಾಗುತ್ತಾರೆ. ಇಂಥವರಿಗೆ ತಮ್ಮ ಪಾರ್ಟಿನ ವಿಡಿಯೋ ಬೇಡವೇ? ಬೇಕೇ ಬೇಕು. ರುದ್ರಮುನಿ ಕ್ಯಾಮೆರಾ ಹೆಗಲಿಗೇರಿಸಿದ.

ಮೊದಲ ವಿಡಿಯೋ ನೋಡಿದ ರಾಜ ಉರಿದುಬಿದ್ದ. "ನಾನ್ ಕಾಸ್ ಕೊಟ್ಟಿರೋದು ಸೇನಾಪತಿ ಮೀಸೆ ನೋಡಕ್ಕಾ?" ಅತ್ತ ಸೇನಾಪತಿಗೂ ಅದೇ ಸಂಕಟ. ರುದ್ರಮುನಿಗೆ ಜ್ಞಾನೋದಯವಾಯಿತು. ಅಂದಿನಿಂದ ಪಾರ್ಟಿಗೊಂದು ಕ್ಯಾಸೆಟ್ಟು. ರಾಜನ ಮನೆಗೆ ಹೋಗುವುದರಲ್ಲಿ ರಾಜನೇ ರಾಜ. ಸೇನಾಪತಿಯದರಲ್ಲಿ ರಾಜ ಬಂದುಹೋಗುವ ನೆಂಟ. ಆದರೆ ಎದುರಾಳಿಯ ಮಾತೇ ಇಲ್ಲದೆ ಉತ್ತರ ಹೇಗೆ ಕೊಡಿಸುವುದು? ಅದಕ್ಕೂ ದಾರಿ ಹುಡುಕಿದ. ಎದುರಾಳಿಯ ದನಿ ಇರುತ್ತದೆ, ಮುಖ ಇರುವುದಿಲ್ಲ. ಆ ಜಾಗದಲ್ಲಿ ಯಾರಿಗೂ ಹೊಟ್ಟೆಯುರಿಯಾಗದ ಒಂದು ಮುಖ: ಬಾಗಿಲ ಬಳಿ ಈಟಿ ಹಿಡಿದು ನಿಂತ ದ್ವಾರಪಾಲಕ. ಅವನಿಗೆ ಚಂದಾ ಇಲ್ಲ, ಕ್ಯಾಸೆಟ್ಟೂ ಇಲ್ಲ, ಮಾತು ಇಡೀ ನಾಟಕಕ್ಕೆ ಒಂದೇ ಒಂದು. ಆ ಒಂದನ್ನೂ ರುದ್ರಮುನಿ ಎಲ್ಲ ಪ್ರತಿಗಳಿಂದ ಕತ್ತರಿಸಿಹಾಕುತ್ತಿದ್ದ, ಯಾಕೆಂದರೆ ಅದು ಬೇಕೆಂದು ಯಾರೂ ಕೇಳಿರಲಿಲ್ಲ.

ಈ ವ್ಯಾಪಾರ ಭರ್ಜರಿ ನಡೆಯಿತು. ಒಬ್ಬರ ಪ್ರತಿಯನ್ನು ಇನ್ನೊಬ್ಬರು ನೋಡುವ ಪೈಕಿಯವರೇ ಅಲ್ಲವಾದ್ದರಿಂದ ಗುಟ್ಟು ಹೊರಬೀಳಲಿಲ್ಲ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು, ಕೊನೆಗೆ ಎಲ್ಲರ ಕೈಗೂ ಮೊಬೈಲು ಬಂದು ರಾಜರುಗಳು ತಮ್ಮನ್ನು ತಾವೇ ಚಿತ್ರಿಸಿಕೊಳ್ಳತೊಡಗಿದರು. ಈಗ ಕಂಪನಿಯ ಕೆಲಸ ಹಳೆಯ ಕ್ಯಾಸೆಟ್ಟುಗಳನ್ನು ಮೊಬೈಲಿಗೆ ಇಳಿಸಿಕೊಡುವುದು. ಅದನ್ನೂ ಮಾಡುವವಳು ಮಗಳು ಚೈತ್ರ. ರುದ್ರಮುನಿ ಎದುರು ಕುರ್ಚಿಯಲ್ಲಿ ಕೂತು ಎಂ.ಡಿ.ಗಿರಿ ಮಾಡುತ್ತಾನೆ.

ಹೋದ ವರ್ಷ ಕಾರ್ತಿಕ ಮಾಸದಲ್ಲಿ ಚನ್ನರಾಯನದುರ್ಗದಿಂದ ಮಾರಕ್ಕ ಎಂಬ ಮುದುಕಿ ಅಂಗಡಿಗೆ ಬಂದು, ಕೂರು ಅನ್ನುವ ಮೊದಲೇ ಕೂತಳು.

"ನಮ್ಮೂರ ನಾಟಕ ಹಿಡ್ದೋನು ನೀನೇ ಅಲ್ವೇನಪ್ಪ? ಲಕ್ಷ್ಮೀಪತಿ ರಾಜ ಆಗಿದ್ದ, ಅಶ್ವತ್ಥ ಮೇಷ್ಟ್ರು ಸೇನಾಪತಿ."

"ಹೂಂ ಕಣಮ್ಮ. ಯಾರ ಕಾಪಿ ಬೇಕು, ರಾಜಂದಾ, ಸೇನಾಪತೀದಾ?"

"ದ್ವಾರಪಾಲಕಂದು," ಎಂದಳು ಮಾರಕ್ಕ.

ದ್ವಾರಪಾಲಕ ಅವಳ ಗಂಡ ಸಣ್ಣರಂಗಯ್ಯ. ಕೇರಿಯವನಿಗೆ ಸಿಂಹಾಸನ ಎಲ್ಲಿಂದ ಬರಬೇಕು, ಬಾಗಿಲೇ ಹೆಚ್ಚು ಎಂದು ಊರು ತೀರ್ಮಾನ ಮಾಡಿತ್ತು. ಅವನು ಅದಕ್ಕೇ ಹಿಗ್ಗಿ, ಮೂರು ತಿಂಗಳು ಎಮ್ಮೆಯ ಮುಂದೆ ನಿಂತು, 'ಮಹಾಪ್ರಭು, ಶತ್ರುಗಳು ಕೋಟೆಯ ಬಾಗಿಲಿಗೆ ಬಂದಿಹರು' ಎಂದು ಕೈಮುಗಿದಿದ್ದ. ನಾಟಕದ ಹೊತ್ತಿಗೆ ಮಾರಕ್ಕ ಬಾಣಂತನಕ್ಕೆ ತವರಿನಲ್ಲಿದ್ದಳು. ತಿರುಗಿ ಬಂದಾಗ ಊರು ಒಂದು ಹೇಳಿತು, ಗಂಡ ಒಂದು ಹೇಳಿದ. ಸ್ಟೇಜಿನ ಮೇಲೆ ಬಾಯಿಯೇ ಬರಲಿಲ್ಲ ಎಂದಿತು ಊರು. ಗಂಟಲು ಬಿಚ್ಚಿ ಹೇಳಿದೆ, ಜನ ಚಪ್ಪಾಳೆ ಹೊಡೆದರು ಎಂದ ಗಂಡ. ಸಾಯುವ ತನಕ ಅದನ್ನೇ ಹೇಳಿದ. ಮೊನ್ನೆ ಅವನ ವರ್ಷದ ಎಡೆಗೆ ಸೇರಿದ ನೆಂಟರು ಎಲೆಯ ಮುಂದೆ ಕೂತೇ 'ಮೂಗ ದ್ವಾರಪಾಲಕ' ಎಂದು ನಕ್ಕಿದ್ದರು. ಮಾರಕ್ಕ ಬಡಿಸುವ ಸೌಟು ಅಲ್ಲೇ ಕುಕ್ಕಿದ್ದಳು.

"ಅವ್ನು ಹೇಳುದ್ನೋ ಇಲ್ವೋ, ನಂಗೆ ಗೊತ್ತಾಗ್ಬೇಕು. ಅಷ್ಟೇ. ಇನ್ನೇನೂ ಬ್ಯಾಡ."

ಸೋಮವಾರ ಬಾ ಎಂದು ಕಳಿಸಿ, ರುದ್ರಮುನಿ ರಾಜನ ಪ್ರತಿ ಹಾಕಿ ನೋಡಿದ. ಎಲ್ಲೆಲ್ಲಿ ಸೇನಾಪತಿ ಅಬ್ಬರಿಸುತ್ತಾನೋ ಅಲ್ಲೆಲ್ಲ ಸಣ್ಣರಂಗಯ್ಯನ ಮುಖ. ಸೇನಾಪತಿಯ ಪ್ರತಿಯಲ್ಲಿ ಎಲ್ಲೆಲ್ಲಿ ರಾಜನೋ ಅಲ್ಲೆಲ್ಲ ಅವನೇ. ಕಾಸು ಕೊಟ್ಟವರಿಗಿಂತ ಕೊಡದವನೇ ಹೆಚ್ಚು ಕಾಣುತ್ತಿದ್ದ, ಆದರೆ ಬಾಯಿ ಮುಚ್ಚಿಕೊಂಡು. ಆ ಒಂದು ಮಾತು ಎಲ್ಲಿಯೂ ಇಲ್ಲ.

ಕೊನೆಗೆ ಟ್ರಂಕಿನ ತಳದಲ್ಲಿ, ಕತ್ತರಿ ಬೀಳದ ಮೂಲ ಕ್ಯಾಸೆಟ್ಟು ಬೂಷ್ಟು ಹಿಡಿದು ಸಿಕ್ಕಿತು. ಚೈತ್ರ ಒರೆಸಿ, ಒಣಗಿಸಿ ಹಾಕಿದಳು. ಗೆರೆ ಗೆರೆಯ ಮಧ್ಯೆ ಸಣ್ಣರಂಗಯ್ಯ ಬಂದ. ಕೈಮುಗಿದ. ಬಾಯಿ ತೆರೆದ. ಹಾರ್ಮೋನಿಯಂ ಒಂದು ಸಲ ಎಳೆಯಿತು, ಮತ್ತೊಂದು ಸಲ ಎಳೆಯಿತು. ತೆರೆದ ಬಾಯಿಂದ ಏನೂ ಬರಲಿಲ್ಲ. "ಯಾಕ್ಲಾ, ನಾಲಿಗೆ ಬಾಗ್ಲಲ್ಲೇ ಬುಟ್ ಬಂದ್ಯಾ?" ಎಂದ ರಾಜ. ಇಡೀ ಚಪ್ಪರ ನಕ್ಕಿತು. ಸಣ್ಣರಂಗಯ್ಯ ತಾನೂ ನಗಲು ನೋಡಿ, ಆಗದೆ, ಈಟಿಯ ಹಿಂದೆ ಮುಖ ಮರೆಮಾಡಿದ. ಚಿತ್ರ ಗಡಗಡ ಅಲುಗಾಡುತ್ತಿತ್ತು. ಕ್ಯಾಮೆರಾ ಹಿಡಿದವನೂ ನಗುತ್ತಿದ್ದ.

ಇಷ್ಟು ವರ್ಷ ರಾಜರಿಗೆ ಸುಳ್ಳು ಮಾರಿದಾಗ ಆಗದ ನಾಚಿಕೆ ರುದ್ರಮುನಿಗೆ ಈಗ ಆಯಿತು. ಆದರೆ ನಾಚಿಕೆಯಾದರೂ ಕಸುಬು ಬಿಡುತ್ತದೆಯೇ?

"ಆ ಬಾಯಿಗೆ ಮಾತು ಸೇರ್ಸಮ್ಮ," ಎಂದ ಮಗಳಿಗೆ.

"ಅಪ್ಪ, ಅದು ಮೋಸ."

"ಮೋಸ ಅಲ್ಲ ಕಣಮ್ಮ, ಎಡಿಟಿಂಗು. ಊರಿಗೆಲ್ಲ ಮಾಡ್ಕೊಟ್ಟಿದ್ದೀನಿ. ಈ ಯಮ್ಮನಿಗೊಂದು ಮಾಡುದ್ರೆ ಮೋಸ ಆಗೋಯ್ತಾ?"

ಗಿರಣಿ ನಿಲ್ಲುವ ತನಕ ಕಾದು, ದನಿ ಮಾರ್ದನಿಸದಿರಲೆಂದು ಪಕ್ಕದ ಟೈಲರ್ ಅಂಗಡಿಯ ಬಟ್ಟೆ ರಾಶಿಯ ನಡುವೆ ಕೂತು, ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರು 'ಮಹಾಪ್ರಭು' ಎಂದು ಮೊಬೈಲಿಗೆ ಮೊರೆಯಿಟ್ಟ. ರಾಜನ ಕೊಂಕು, ಜನರ ನಗು ಕತ್ತರಿಗೆ ಹೋದವು. ಚಪ್ಪಾಳೆಯನ್ನು ಸೇನಾಪತಿಯ ಪ್ರತಿಯಿಂದ ಕಿತ್ತು ತಂದು ಅಂಟಿಸಿದರು. ಕೆಲಸ ನಾಜೂಕಾಗಿಯೇ ಆಗಿತ್ತು.

ಸೋಮವಾರ ಮಾರಕ್ಕ ಬಂದಳು. ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕೂತು ನೋಡಿದಳು. ಗಂಡ ಬಂದ, ಕೈಮುಗಿದ, ಹೇಳಿದ, ಜನ ಚಪ್ಪಾಳೆ ತಟ್ಟಿದರು. "ಇನ್ನೊಂದ್ ಕಿತ ಹಾಕವ್ವ," ಎಂದಳು ಚೈತ್ರಳಿಗೆ. ಮತ್ತೆ ನೋಡಿದಳು. ರುದ್ರಮುನಿ ಟೀ ತರಿಸಲು ಎದ್ದ.

"ಕೂತ್ಕಳಪ್ಪ," ಎಂದಳು ಮಾರಕ್ಕ. "ಮಕ ಅವ್ನದು. ದನಿ ನಿಂದು."

ರುದ್ರಮುನಿ ಕೂತ. ಚೈತ್ರ ಅಪ್ಪನ ಕಡೆ ನೋಡಲಿಲ್ಲ.

"ಅಂಗಾರೆ ಅವ್ನು ಹೇಳ್ಲಿಲ್ಲ."

"ಇಲ್ಲ ಕಣಮ್ಮ," ಎಂದ ರುದ್ರಮುನಿ. ಈ ಉತ್ತರಕ್ಕೆ ಬೇರೆ ಯಾವ ಪ್ರತಿಯೂ ಅವನ ಬಳಿ ಇರಲಿಲ್ಲ.

ಮಾರಕ್ಕ ನಿಂತುಹೋದ ಚಿತ್ರದ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಸಾಯೋಗಂಟ ಹೇಳವ್ನೆ ನನ್ ಮುಂದೆ. ಉಣ್ಣೋವಾಗ, ಹಾಲ್ ಕರಿಯೋವಾಗ, ಆಸ್ಪತ್ರೆ ಮಂಚದ್ ಮ್ಯಾಲೂವೆ. ಹೆಂಗ್ ಬಂದೆ, ಹೆಂಗ್ ನಿಂತೆ, ಜನ ಹೆಂಗ್ ಕೈ ತಟ್ಟುದ್ರು ಅಂತ. ಒಂದಿನಾನೂ ಒಂದಕ್ಷರ ತಪ್ಲಿಲ್ಲ. ಅಷ್ಟು ವರ್ಷ ನಂಗೆ ಒಂಚೂರು ಗುಮಾನಿ ಬರ್ದಂಗೆ ನೋಡ್ಕಂಡ." ಅವಳ ದನಿ ಏರಿತು. "ಅಂತೋನ್ಗೆ ಬಾಗ್ಲು ಕಾಯೋ ಪಾರ್ಟು ಕೊಟ್ರಲ್ಲಪ್ಪ, ಈ ಊರ್ ನನ್ಮಕ್ಳು."

ಅಳಿಸಿಬಿಡುತ್ತೇನೆ ಎಂದು ರುದ್ರಮುನಿ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ.

ಮಾರಕ್ಕ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಸೊಂಟದ ಸಂಚಿಯಿಂದ ಮೊಬೈಲು ತೆಗೆದು ಚೈತ್ರಳ ಮುಂದೆ ಇಟ್ಟಳು.

"ಇದ್ರೊಳಿಕ್ಕೆ ಹಾಕ್ಕೊಡವ್ವ. ಊರಲ್ಲಿ ಮನೆಮನೆಗೂ ತೋರಿಸ್ಬೇಕು. ಚಪ್ಪಾಳೆ ಸಾಲ್ದು, ಇನ್ನೊಂಚೂರು ಸೇರ್ಸು."