ನಾಗೇಶನ ಹೆಬ್ಬೆರಳು

ಅರಕಲಗೂಡು ಬಸ್‌ಸ್ಟ್ಯಾಂಡಿನ ಎದುರಿಗೆ, ಬೇಕರಿಗೂ ಗೊಬ್ಬರದಂಗಡಿಗೂ ನಡುವೆ, ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕಾದಷ್ಟು ಜಾಗದಲ್ಲಿ ನಾಗೇಶನ ಮೊಬೈಲ್ ಅಂಗಡಿ. ಹನ್ನೊಂದು ವರ್ಷದಿಂದ ಅಲ್ಲೇ ಕೂತಿದ್ದಾನೆ. ಸುತ್ತಿನ ಹಳ್ಳಿಗಳಿಗೆಲ್ಲ ತಾರಾ ಕಂಪನಿಯ ಫೋನಿನ ರುಚಿ ಹತ್ತಿಸಿದವನು ಅವನೇ. ಬೇರೆ ಕಂಪನಿಯ ಫೋನು ಹಿಡಿದು ಬಂದವರನ್ನು ಕಂಡರೆ ಅವನಿಗೆ ಈಗಲೂ ಅಷ್ಟಕ್ಕಷ್ಟೆ.

ಅವನನ್ನು ಕೇಳಿದರೆ ತಾರಾ ಒಂದರಷ್ಟು ಒಳ್ಳೆಯ ಫೋನು ಮತ್ತೆ ಬರಲೇ ಇಲ್ಲ. ಉಗುರಿನಲ್ಲಿ ಮೀಟಿದರೆ ಬೆನ್ನಿನ ಮುಚ್ಚಳ ಕೈಗೆ ಬರುತ್ತಿತ್ತು. ತೊಟ್ಟಿಗೆ ಬಿದ್ದರೂ ಬ್ಯಾಟರಿ ಬಿಚ್ಚಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಎರಡು ದಿನಕ್ಕೆ ಎದ್ದು ಕೂರುತ್ತಿತ್ತು. ಎರಡರಲ್ಲಿ ಮುಂದಕ್ಕೊಂದು ಕ್ಯಾಮೆರಾ ಬಂತು, ಹುಡುಗರು ತಲೆ ಬಾಚಿಕೊಳ್ಳುವುದು ಜಾಸ್ತಿಯಾಯಿತು. ಮೂರರಲ್ಲಿ ಮುಚ್ಚಳವನ್ನು ಅಂಟು ಹಾಕಿ ಕೂರಿಸಿಬಿಟ್ಟರು. ಬಿಸಿಗಾಳಿ ಹೊಡೆದು ಬಿಡಿಸುವುದನ್ನು ನಾಗೇಶ ಹಾಸನಕ್ಕೆ ಹೋಗಿ ಕಲಿತು ಬಂದ. ಐದರಲ್ಲಿ ಇಯರ್‌ಫೋನಿನ ತೂತು ಮುಚ್ಚಿ ರೇಡಿಯೊ ತೆಗೆದರು. ಆರರ ಡಬ್ಬದೊಳಗೆ ಚಾರ್ಜರೇ ಇರಲಿಲ್ಲ. ಕಂಪನಿಯವರು ಮಾಡಿದ್ದಕ್ಕೆಲ್ಲ ಬೈಸಿಕೊಂಡವನು ನಾಗೇಶ.

ನಾಲ್ಕನ್ನು ಬಿಟ್ಟೆ. ಅವನ ಮನಸ್ಸಿನ ನೆಮ್ಮದಿ ಕೆಡಿಸಿದ್ದೇ ತಾರಾ ನಾಲ್ಕು.

ಅದರ ಗಾಜಿನ ಕೆಳಗೊಂದು ಗುಂಡಿ, ಹೆಬ್ಬೆರಳು ಇಟ್ಟರೆ ಬೀಗ ತೆರೆಯುತ್ತಿತ್ತು. ಆದರೆ ಹೊಗೆಸೊಪ್ಪು ಕಟ್ಟಿ, ಶುಂಠಿ ಕಿತ್ತು ಸವೆದ ಬೆರಳುಗಳನ್ನು ಅದು ಗುರುತೇ ಹಿಡಿಯುತ್ತಿರಲಿಲ್ಲ. ಬೀಗದ ನಂಬರಂತೂ ಜನಕ್ಕೆ ಮನೆ ಮುಟ್ಟುವುದರೊಳಗೆ ಮರೆತುಹೋಗಿರುತ್ತಿತ್ತು. ಅದಕ್ಕೆ ನಾಗೇಶ ಒಂದು ಉಪಾಯ ಮಾಡಿದ. ಮಾರಿದ ಫೋನಿಗೆಲ್ಲ ಗಿರಾಕಿಯ ಬೆರಳಿನ ಜೊತೆಗೆ ತನ್ನ ಹೆಬ್ಬೆರಳನ್ನೂ ಹಾಕಿಡುತ್ತಿದ್ದ. ಲಾಕ್ ಆದರೆ ಅಂಗಡಿಗೆ ಬಂದರೆ ಸಾಕು. ಜನ ಖುಷಿಪಟ್ಟರು. ಇಷ್ಟು ಜನರ ನಂಬಿಕೆ ತನ್ನ ಬೆರಳ ತುದಿಯಲ್ಲಿದೆ ಅಂತ ನಾಗೇಶನೂ ಬೀಗುತ್ತಿದ್ದ.

ಕೆಂಪಣ್ಣಗೌಡರು ಮಗಳು ಧನ್ಯಾಳಿಗೆ ಈ ತಾರಾ ನಾಲ್ಕು ಕೊಡಿಸಿದ್ದು ಅವಳು ಪಿಯುಸಿ ಪಾಸಾದ ವರ್ಷ. ಗೌಡರು ಬೇಕರಿಗೆ ಹೋಗಿದ್ದಾಗ ಅವಳು ತಗ್ಗಿದ ದನಿಯಲ್ಲಿ ಹೇಳಿದ್ದಳು: "ನಿಮ್ದು ಬೇಕಾದ್ರೆ ಹಾಕ್ಕಳಿ ನಾಗೇಶಣ್ಣ, ಅಪ್ಪಂದು ಮಾತ್ರ ಬ್ಯಾಡ." ನಾಗೇಶ ನಕ್ಕು ತಲೆಯಾಡಿಸಿ ತನ್ನ ಬೆರಳಿಟ್ಟಿದ್ದ.

ಎರಡು ವರ್ಷದ ಮೇಲೆ ಒಂದು ಸೋಮವಾರ ಗೌಡರೇ ಆ ಫೋನು ಹಿಡಿದು ಬಂದರು. ಅವರ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ನಲ್ಲಿ ನಾಗೇಶನ ಅಪ್ಪ ಬೈರಯ್ಯ ಮೂವತ್ತು ವರ್ಷ ಬೆಂಕಿ ಹಾಕಿದ್ದ. ಅಷ್ಟೂ ವರ್ಷ ಅವನನ್ನು "ಲೋ ಬೈರ" ಅಂತಲೇ ಕರೆದ ಗೌಡರು ಅವತ್ತು ಸ್ಟೂಲಿನ ಮೇಲೆ ಕೂತು, ಬೇಕರಿಯಿಂದ ಎರಡು ಟೀ ತರಿಸಿ, ಒಂದನ್ನು ನಾಗೇಶನ ಕಡೆ ಸರಿಸಿದರು.

"ನಾಗೇಶಪ್ಪ, ಮಗ್ಳು ಕಳ್ಸವ್ಳೆ. ಲಾಕ್ ಆಗ್ಬುಟ್ಟೈತಂತೆ. ವಸಿ ತೆಗ್ದು ಕೊಡಪ್ಪ."

ಸುಳ್ಳು ಅಂತ ನಾಗೇಶನಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ದಿನಾ ಹಾಸನದ ಕಾಲೇಜಿಗೆ ಅವನ ಅಂಗಡಿ ಮುಂದೆಯೇ ಬಸ್ಸು ಹತ್ತುವ ಹುಡುಗಿ, ಅಪ್ಪನ ಕೈಲಿ ಯಾಕೆ ಕಳಿಸುತ್ತಾಳೆ? "ಅವ್ಳೇ ಬರ್ಲಿ ಗೌಡ್ರೇ" ಅನ್ನಬಹುದಿತ್ತು. ಅನ್ನಲಿಲ್ಲ. ಟೀ ಬಿಸಿಯಾಗಿತ್ತು. 'ನಾಗೇಶಪ್ಪ' ಅನ್ನುವುದು ಕಿವಿಗೆ ಹಿತವಾಗಿತ್ತು. ಅಷ್ಟಕ್ಕೇ ಅವನು ಹೆಬ್ಬೆರಳು ಇಟ್ಟುಬಿಟ್ಟ.

ಫೋನಿನಲ್ಲಿದ್ದದ್ದು ಏನು ಮಹಾ? ಹೊಳೆನರಸೀಪುರದಿಂದ ನೋಡಲು ಬಂದಿದ್ದ ಗಂಡಿಗೆ ಅವಳು ಬರೆದಿದ್ದಳು: ನಾನು ಇನ್ನೂ ಓದಬೇಕು, ದಯವಿಟ್ಟು ನೀವೇ ಬೇಡ ಅಂದುಬಿಡಿ. ಆ ಪುಣ್ಯಾತ್ಮ ಒಪ್ಪಿ, ಹಾಗೇ ಅಂದಿದ್ದ. ಗೌಡರು ಕೂತಲ್ಲೇ ಓದಿದರು. ಟೀ ಮುಗಿಸದೆ ಎದ್ದು ಹೋದರು.

ಮಾರನೇ ದಿನದಿಂದ ಧನ್ಯಾ ಬಸ್ಸಿಗೆ ಬರಲಿಲ್ಲ. ತಿಂಗಳೊಳಗೆ ಚನ್ನರಾಯಪಟ್ಟಣದ ಟ್ರ್ಯಾಕ್ಟರ್ ಶೋರೂಮಿನ ಅಭಿಷೇಕನ ಜೊತೆ ಮದುವೆ ಗೊತ್ತಾಯಿತು. ಗೌಡರು ಲಗ್ನಪತ್ರಿಕೆಯನ್ನು ಅಂಗಡಿಗೇ ತಂದು, ಅರಿಸಿನ ಹಚ್ಚಿದ ಮೂಲೆ ಮುಂದಾಗಿ ಹಿಡಿದು ಕೊಟ್ಟರು. ಮದುವೆಯ ದಿನ ನಾಗೇಶ ಅಂಗಡಿ ಬಾಗಿಲು ಹಾಕಿ, ಬೇಕಿಲ್ಲದ ಸಾಮಾನು ತರಲು ಹಾಸನಕ್ಕೆ ಹೋದ.

ಮನೆಯಲ್ಲಿ ಹೆಂಡತಿ ಯಶೋಧರಾಗೆ ಹೇಳಿಕೊಂಡ. "ನಿಮ್ಗೆ ಗೊತ್ತಿತ್ತಾ, ಇಲ್ವಾ?" ಅಂತ ಅವಳು ಒಂದೇ ಮಾತು ಕೇಳಿದಳು. ಗೊತ್ತಿತ್ತು ಅಂದ. ಅವಳು ಎದ್ದು ಒಳಗೆ ಹೋದಳು. ಒಳಗಿನಿಂದ ಬೈರಯ್ಯ ಕೇಳಿಸಿಕೊಂಡಿದ್ದ. "ಕಂಡೋರ ಮನೆ ಬೀಗದ ಕೈ ನಮ್ತಾವ ಯಾಕ್ಲಾ ಇರ್ಬೇಕಿತ್ತು?" ಅಂದ. ಆಮೇಲೆ ಎಷ್ಟೋ ದಿನ ನಾಗೇಶ ತಟ್ಟೆಯ ಮುಂದೆ ಕೂತಾಗಲೆಲ್ಲ ಮೊದಲು ಕಣ್ಣಿಗೆ ಬೀಳುತ್ತಿದ್ದುದು ತನ್ನ ಹೆಬ್ಬೆರಳು.

ಅಂದಿನಿಂದ ಯಾವ ಹಳೆಯ ತಾರಾ ಅಂಗಡಿಗೆ ಬಂದರೂ ಮೊದಲು ತನ್ನ ಬೆರಳಿನ ಗುರುತು ಅಳಿಸಿಯೇ ಮಿಕ್ಕ ಕೆಲಸ. ಗಿರಾಕಿಗಳು ಗೊಣಗಿದರು. ಗೊಣಗಲಿ ಅಂದುಕೊಂಡ. ಅಳಿಸಿದ್ದರಿಂದ ಧನ್ಯಾಳ ಕಾಲೇಜು ವಾಪಸ್ಸು ಬರುವುದಿಲ್ಲ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಈ ವರ್ಷ ಆಷಾಢಕ್ಕೆ ಧನ್ಯಾ ತವರಿಗೆ ಬಂದಿದ್ದಳು. ಶ್ರಾವಣ ಹುಟ್ಟಿದ ಮೇಲೆ ಕರೆದೊಯ್ಯಲು ಬಂದ ಅಭಿಷೇಕ ಹೆಂಡತಿಗೆಂದು ತಾರಾ ಏಳು ತಂದಿದ್ದ. ಗಾಜಿನ ಮೇಲೇ ಬೆರಳಿಡುವ ಮಾಡಲ್ಲು. ಅಳಿಯಂದಿರನ್ನು ಗೌಡರೇ ನಾಗೇಶನ ಅಂಗಡಿಗೆ ಕಳಿಸಿದ್ದರು.

"ಎಲ್ಲಾ ಸೆಟ್ಟಿಂಗ್ ಮಾಡ್ಕೊಡಿ. ಹಂಗೇ ನನ್ ಬೆರಳ್ನೂ ಹಾಕ್ಬುಡಿ, ಮಾವ ಹೇಳಿದ್ರು, ನಿಮ್ಮಲ್ಲಿ ಹಂಗೆ ಹಾಕ್ತಾರಂತಲ್ಲ?" ಅಂದ ಅಭಿಷೇಕ.

ಧನ್ಯಾ ಗಂಡನ ಹಿಂದೆ ನಿಂತಿದ್ದಳು. ಮುಖ ಎತ್ತಲಿಲ್ಲ.

ನಾಗೇಶ ಅವಳ ಕಡೆ ನೋಡಿದ. ಹನ್ನೊಂದು ವರ್ಷದಲ್ಲಿ ತಾರಾ ವಿಷಯದಲ್ಲಿ ಅವನು ಒಬ್ಬರಿಗೂ ಸುಳ್ಳು ಹೇಳಿರಲಿಲ್ಲ. "ಇಲ್ಲ ಸಾ, ಈ ಮಾಡಲ್‌ನಾಗೆ ಆಗಕಿಲ್ಲ. ಒಬ್ರುದ್ದೇ ತಗಳದು," ಅಂದ.

"ಏಳ್ನೇದು ಬಂದ್ರೂ ಹಿಂಗಾ?" ಅಂತ ಅಭಿಷೇಕ ಕಂಪನಿಗೆ ಬೈದ.

ನಾಗೇಶ ಫೋನಿಗೆ ಕೈ ಚಾಚಿದ. ಧನ್ಯಾ ಅಷ್ಟರಲ್ಲಿ ಅದನ್ನು ಎತ್ತಿಕೊಂಡಳು. "ನೀವು ಮುಟ್ಬೇಡಿ. ಹೆಂಗೇಂತ ಹೇಳಿ, ನಾನೇ ಹಾಕ್ಕತ್ತೀನಿ." ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದೊಂದಾಗಿ ಹೇಳಿದ. ಅವಳು ಹೇಳಿದಂತೆ ಒತ್ತಿದಳು. ಬೆರಳು ಗಾಜಿನ ಮೇಲಿಟ್ಟುಕೊಂಡೇ, ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

"ಹಳೇ ಮಾಡಲ್ಲು ಯಾರುದ್ ಬೇಕಾದ್ರೂ ತಗಳ್ತಿತ್ತು, ಅಲ್ವಾ ನಾಗೇಶಣ್ಣ?"

"ತಗಳ್ತಿತ್ತು ಕಣವ್ವ," ಅಂದ ನಾಗೇಶ. "ಆದ್ರೆ ಅದು ಮಾಡಲ್ ತಪ್ಪಲ್ಲ."

ಧನ್ಯಾ ಫೋನನ್ನು ತನ್ನ ಬ್ಯಾಗಿಗೆ ಹಾಕಿಕೊಂಡು ಜಿಪ್ ಎಳೆದು, ಕಾರಿನ ಕಡೆ ನಡೆದಳು. ಕಾರು ಹೋದ ಮೇಲೂ ನಾಗೇಶ ಬೆನ್ನ ಹಿಂದೆ ಕಟ್ಟಿದ ಕೈ ಬಿಚ್ಚದೆ ನಿಂತೇ ಇದ್ದ.