ಮಾವ ರೇಸ್ ಮಾಡಿದರೆ ಪ್ಯಾಕ್

ನನಗೆ ಪೋಕರ್ ಕಲಿಸಿದವರು ಹೆಂಡತಿಯ ತಂದೆ, ನಿವೃತ್ತ ಗಣಿತದ ಮೇಷ್ಟ್ರು. ಭಾನುವಾರ ಊಟದ ಹೊತ್ತಿಗೆ ಸ್ಕೂಟರಿನ ಹಿಂದೆ ಅತ್ತೆಯನ್ನು ಕೂರಿಸಿಕೊಂಡು ಅನ್ನಪೂರ್ಣೇಶ್ವರಿ ನಗರದಿಂದ ಬಸವೇಶ್ವರನಗರದ ನಮ್ಮ ಮನೆಗೆ ಬರುತ್ತಿದ್ದರು. ಊಟವಾದ ಮೇಲೆ ಮಾವ, ನಾನು, ಮಹಡಿ ಮನೆಯ ಬಾಡಿಗೆಯವರು, ಮೆಡಿಕಲ್ ಶಾಪಿನವರು ಚಾಪೆ ಹಾಸಿ ಕೂರುತ್ತಿದ್ದೆವು. ಪಣಕ್ಕೆ ಬರೀ ಪ್ಲಾಸ್ಟಿಕ್ ಬಿಲ್ಲೆಗಳು. ಒಬ್ಬೊಬ್ಬರ ಕೈಗೆ ಎರಡು ಇಸ್ಪೀಟ್ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ.

ನಮ್ಮದು ಲಿಮಿಟ್ ಆಟ. ಒಂದು ಸಲಕ್ಕೆ ಇಂತಿಷ್ಟೇ ಬಿಲ್ಲೆ ಏರಿಸಬೇಕು, ಅಂದರೆ ರೇಸ್ ಮಾಡಬೇಕು, ಇರುವುದನ್ನೆಲ್ಲ ಸುರಿದು ಹೆದರಿಸುವಂತಿಲ್ಲ. ಮಾವ ಮಹಾ ಜಿಪುಣ ಆಟಗಾರರು. ಮೊದಲ ಎರಡು ಎಲೆ ಚೆನ್ನಾಗಿಲ್ಲದಿದ್ದರೆ ಪ್ಯಾಕ್ ಮಾಡಿ, ಅಂದರೆ ಎಲೆ ಬಿಸಾಡಿ, ಚುರುಮುರಿಗೆ ಕೈ ಹಾಕುತ್ತಿದ್ದರು.

"ಬಿಗಿಯಾಗಿ ಆಡೋನು ರೇಸ್ ಮಾಡಿದ್ರೆ ಅವನ ಹತ್ರ ಎಲೆ ಇದೆ ಅಂತಲೇ. ಸುಮ್ನೆ ಪ್ಯಾಕ್ ಮಾಡಿ, ಅಳಿಯಂದ್ರೆ," ಎಂದು ಅವರೇ ಹೇಳಿಕೊಟ್ಟಿದ್ದರು.

ಕಳೆದ ಮಳೆಗಾಲದಲ್ಲಿ ಮಾವ ಮೇಲಿಂದ ಮೇಲೆ ರೇಸ್ ಮಾಡತೊಡಗಿದರು. ನಾವು ಪ್ಯಾಕ್ ಮಾಡುತ್ತಾ ಹೋದೆವು. ಒಮ್ಮೆ ನಾನು ರಾಜನ ಜೋಡಿಯನ್ನೇ ಬಿಸಾಡಿ, ಎಂಥ ಜಾಣ ನಾನು ಎಂದು ಬೀಗಿದೆ. ಎಲ್ಲರೂ ಬಿಟ್ಟ ಮೇಲೆ ಗೆದ್ದವರು ಎಲೆ ತೋರಿಸಬೇಕಾಗಿಲ್ಲ, ತೋರಿಸಿ ಎಂದು ಕೇಳುವುದು ಮರ್ಯಾದೆಯೂ ಅಲ್ಲ. ಹಾಗಾಗಿ ಮೂರು ತಿಂಗಳು ಅವರ ಕೈಯಲ್ಲಿ ಏನಿತ್ತೆಂದು ಯಾರೂ ನೋಡಲಿಲ್ಲ.

ಆದರೂ ನನಗೆ ಒಳಗೊಳಗೇ ಕಸಿವಿಸಿ. ಎರಡೇ ಎಲೆಗಳನ್ನು ಅವರು ತುಂಬ ಹೊತ್ತು ದಿಟ್ಟಿಸುತ್ತಿದ್ದರು. ಸಂಜೆ ಅತ್ತೆಯನ್ನು ಕೂರಿಸಿಕೊಂಡು ಮಾಗಡಿ ರಸ್ತೆಯ ಲಾರಿಗಳ ಕಡೆಗೆ ಸ್ಕೂಟರ್ ತಿರುಗಿಸಿದಾಗ, ಮನೆ ಮುಟ್ಟಿದ ಫೋನ್ ಬರುವವರೆಗೂ ನನಗೆ ಸಮಾಧಾನ ಇರುತ್ತಿರಲಿಲ್ಲ. ಯಾಕೆಂದು ಹೆಂಡತಿಗೆ ಹೇಳಲು ಮಾತ್ರ ಧೈರ್ಯ ಸಾಲಲಿಲ್ಲ.

ಒಂದು ಭಾನುವಾರ ನನಗೆ ಎಕ್ಕದ ಜೋಡಿ ಬಂತು. ಅದಕ್ಕಿಂತ ದೊಡ್ಡ ಶುರು ಇಲ್ಲ, ಪ್ಯಾಕ್ ಮಾಡುವ ಮಾತೇ ಇಲ್ಲ. ನಾನು ಏರಿಸಿದೆ, ಮಾವ ಮತ್ತೆ ಏರಿಸಿದರು. ಉಳಿದಿಬ್ಬರು ಎಲೆ ಬಿಟ್ಟರು. ನಡುವೆ ಐದು ಎಲೆ ಬೀಳುವವರೆಗೂ ಪ್ರತಿ ಸುತ್ತಿನಲ್ಲಿ ಮಾವ ಲಿಮಿಟ್ ಮುಟ್ಟುವ ತನಕ ಏರಿಸುತ್ತಲೇ ಹೋದರು. ಕೊನೆಗೆ ನಾನು ಎಲೆ ತೋರಿಸಿ ಎಂದೆ.

ಅವರು ಇಟ್ಟಿದ್ದು ಒಂದು ಮೂರು, ಒಂದು ಎಂಟು. ನಡುವಿನ ಎಲೆಗಳಿಗೂ ಅವಕ್ಕೂ ಸಂಬಂಧವೇ ಇರಲಿಲ್ಲ.

ಮೆಡಿಕಲ್ ಶಾಪಿನವರು ನಕ್ಕರು. "ಸಾರ್, ಇಷ್ಟು ದಿನ ಬ್ಲಫ್ಫಾ?"

ಮಾವ ಖುಷಿಯಾಗಿ ನನ್ನ ಕಡೆ ನೋಡಿದರು. "ರಮ್ಮಿ ಆಯ್ತು, ಅಳಿಯಂದ್ರೆ. ಸೀಕ್ವೆನ್ಸ್ ಸರಿಯಾಗಿದೆ ನೋಡಿ."

ಯಾರೂ ಮತ್ತೆ ನಗಲಿಲ್ಲ. ನಾನು ಎದ್ದೆ. ಮೊಳೆಗೆ ತಗುಲಿಹಾಕಿದ್ದ ಮಾವನ ಸ್ಕೂಟರ್ ಕೀ ತೆಗೆದು ಜೇಬಿಗೆ ಹಾಕಿಕೊಂಡು ಅಡುಗೆಮನೆಗೆ ಹೋದೆ. ಅತ್ತೆ ಕಾಫಿ ಸೋಸುತ್ತಿದ್ದರು.

"ಇನ್ಮೇಲೆ ಮಾವ ಗಾಡಿ ಓಡಿಸೋದು ಬೇಡ ಅತ್ತೆ," ಎಂದೆ.

ಅವರು ನನ್ನ ಜೇಬನ್ನು ನೋಡಿದರು, ಯಾಕೆಂದು ಕೇಳಲಿಲ್ಲ.

"ದಾರಿ ಮರೆತು ಎಷ್ಟು ದಿನ ಆಯ್ತು ಅವರಿಗೆ. ಎಡಭುಜ ತಟ್ಟಿದ್ರೆ ಎಡಕ್ಕೆ, ಬಲಭುಜ ತಟ್ಟಿದ್ರೆ ಬಲಕ್ಕೆ ತಿರುಗಿಸ್ತಾರೆ. ನಿಲ್ಸಿ ಅಂದ್ರೆ ನಿಲ್ಲಿಸ್ತಾರೆ," ಎಂದು ಮೆಲ್ಲಗೆ ಹೇಳಿದರು. "ಹೋದ ವಾರ ನಿಲ್ಸಿ ಅಂದೆ. ನಿಲ್ಲಿಸಲಿಲ್ಲ ಕಣಪ್ಪ."