ಓದದೆ ಪ್ರಿಂಟ್ ಕೊಡದ ಕಮಲಾವತಿ

ಬೆಳಗಿನ ಆರೂ ಕಾಲು. ಕೇರಳದ ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿಯ ಚಹಾದಂಗಡಿಗಳಲ್ಲಿ ಹಾಲು ಇನ್ನೂ ಕುದಿ ಬಂದಿಲ್ಲ. ಶಾಲೆಯ ರಸ್ತೆಯ ತಿರುವಿನಲ್ಲಿ ತಮ್ಮ ಜೆರಾಕ್ಸ್ ಅಂಗಡಿಯ ಅರ್ಧ ಎತ್ತಿದ ಶಟರಿನಡಿ ಬಗ್ಗಿ ಒಳಬಂದ ಕಮಲಾವತಿ ಕನ್ನಡಕ ಒರೆಸಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಶಾಲೆಗೆ ಒಪ್ಪಿಸಬೇಕಾದ ಪ್ರಾಜೆಕ್ಟುಗಳನ್ನು ಮಕ್ಕಳು ಅಂಗಡಿಯ ವಾಟ್ಸಾಪ್‌ಗೆ ಕಳಿಸಿದ್ದಾರೆ. ಇವತ್ತಿನ ಲೆಕ್ಕ ಅರವತ್ತಮೂರು. ಹೊರಗೆ ಆಗಲೇ ಒಂಬತ್ತು ಯೂನಿಫಾರ್ಮುಗಳು ಕಾಯುತ್ತಿವೆ.

"ವಯನಾಡಿನ ಬೇಸಾಯ, ಇದು ಯಾರದ್ದು?"

ಒಂಬತ್ತನೆಯ ತರಗತಿಯ ಅಂಬಿಳಿ ಕೈ ಎತ್ತುತ್ತಾಳೆ. ಮಲಯಾಳದ ರೂಢಿಯಂತೆ ಹುಡುಗಿಯರೆಲ್ಲ ಕಮಲಾವತಿಗೆ ಮೋಳ್, ಅಂದರೆ ಮಗಳು; ಅವರಿಗೆ ಇವರು ಚೇಚಿ, ಅಂದರೆ ಅಕ್ಕ.

"ಮೋಳೇ, ನಮ್ಮ ಜಿಲ್ಲೆಯ ಕಡಲ ತೀರದಲ್ಲಿ ತೆಂಗು ಚೆಂದ ಬೆಳೀತದೆ ಅಂತ ಬರ್ದಿದ್ದೀಯ. ವಯನಾಡಲ್ಲಿ ಕಡಲೆಲ್ಲಿ ಉಂಟು?"

"ನೆಟ್ಟಲ್ಲಿ ಹಾಗೇ ಇತ್ತು ಚೇಚಿ."

ಇಷ್ಟು ಹೇಳಿ ಅಂಬಿಳಿ, ಕಡಲು ಎಲ್ಲಿದೆ ಎಂದು ನೋಡಲು ಮತ್ತೆ ಮೊಬೈಲನ್ನೇ ತೆಗೆಯುತ್ತಾಳೆ. ಕಮಲಾವತಿ ಹಣೆ ಹಿಡಿದುಕೊಳ್ಳುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ನಿಂತಿದ್ದ ನಾನೂ ಹಿಡಿದುಕೊಂಡೆ. ಮುಂದಿನ ಹುಡುಗನ ಪ್ರಬಂಧದ ಮೊದಲ ಸಾಲೇ "ಖಂಡಿತ, ಎಂಟನೇ ತರಗತಿಗೆ ಸೂಕ್ತವಾದ ಪ್ರಬಂಧ ಇಲ್ಲಿದೆ" ಎಂದಿದೆ. ಎಐ ಯಂತ್ರ ಕೊಟ್ಟ ಉತ್ತರವನ್ನು ಅದರ ಮರ್ಯಾದೆಯ ಮಾತಿನ ಸಮೇತ ಎತ್ತಿಕೊಂಡು ಬಂದಿದ್ದಾನೆ. ಅಳಿಸುವಷ್ಟು ಪುರುಸೊತ್ತೂ ಇವರಿಗಿಲ್ಲ.

ಕಮಲಾವತಿಯ ನಿಯಮ ಸರಳ. ಯಾವ ಪ್ರಾಜೆಕ್ಟನ್ನೂ ಓದದೆ ಪ್ರಿಂಟ್ ಕೊಡುವುದಿಲ್ಲ. ಓದಿ ಮೂರು ಪ್ರಶ್ನೆ ಕೇಳುತ್ತಾರೆ. ಎರಡಕ್ಕೆ ಉತ್ತರ ಬಂದರೆ ಮೆಷಿನ್ ಓಡುತ್ತದೆ, ಇಲ್ಲದಿದ್ದರೆ ಹೊರಗಿನ ಬೆಂಚು. ಬೆಂಚಿನ ಮೇಲೆ ಒಂದು ಬದಿ ಖಾಲಿಯಿರುವ ಹಾಳೆಗಳ ಕಟ್ಟು, ದಾರಕ್ಕೆ ಕಟ್ಟಿದ ನಾಲ್ಕು ಪೆನ್ನು ಇರುತ್ತವೆ. ದಿನಕ್ಕೆ ಸುಮಾರು ಇಪ್ಪತ್ತು ಮಕ್ಕಳು ಅಲ್ಲಿ ಕೂರುತ್ತಾರೆ. ಅದರಲ್ಲಿ ಬರೆಯುವವರು ಐದಾರು ಜನ. ಉಳಿದವರು ಎದುರಿನ ಅಂಗಡಿಗೆ ದಾಟುತ್ತಾರೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಬಣ್ಣದಲ್ಲೇ ತೆಗೆದುಕೊಡುತ್ತಾರೆ.

ಸಂಜೆ ಬರೋಣವೆಂದರೆ ಅದಕ್ಕೂ ದಾರಿಯಿಲ್ಲ. ಕಮಲಾವತಿಯವರದು ತಲೆಮಾರುಗಳ ಹಿಂದೆ ಕರ್ನಾಟಕದಿಂದ ಬಂದು ನೆಲೆನಿಂತ ಜೈನ ಕುಟುಂಬ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು, ಹಾಗಾಗಿ ಐದಕ್ಕೇ ಶಟರ್ ಬೀಳುತ್ತದೆ. ರಾತ್ರಿ ಕೂತು ನೆಟ್ಟಿನಿಂದ ಕದ್ದವರೆಲ್ಲ ಬೆಳಗ್ಗೆ ಬಾಗಿಲಲ್ಲಿ ಸಾಲು ನಿಲ್ಲುವುದು ಇದರಿಂದಲೇ.

ಈ ಕೋಣೆಯಲ್ಲಿ ಮೊದಲು ಅವರ ಗಂಡ ಅನಂತರಾಜರ ಟೈಪಿಂಗ್ ಶಾಲೆ ಇತ್ತು. ಹತ್ತೊಂಬತ್ತು ವರ್ಷದ ಹಿಂದೆ ಅವರು ತೀರಿಕೊಂಡಾಗ ಹನ್ನೊಂದು ಟೈಪ್‌ರೈಟರ್‌ಗಳು ಗುಜರಿಗೆ ಹೋದವು, ಹಳೆಯ ಜೆರಾಕ್ಸ್ ಮೆಷಿನ್ ಬಂತು. ನಿಂತು ನಿಂತು ಕಮಲಾವತಿಯ ಮಂಡಿ ಸವೆದಿದೆ, ಮೆಷಿನ್ನಿನ ಶಾಯಿಪುಡಿಗೆ ಕೆಮ್ಮು ಹತ್ತಿದೆ. ಮಗ ಭರತೇಶ್ ತೋಟ ನೋಡಿಕೊಳ್ಳುತ್ತಾರೆ, ಅಮ್ಮ ಅಂಗಡಿ ಮುಚ್ಚಲಿ ಎಂಬ ಆಸೆ ಅವರಿಗೆ. "ಮುಚ್ಚಿ ಎಂತ ಮಾಡೂದು? ಮನೇಲಿ ಕೂತ್ರೆ ಟೀವಿ ನೋಡ್ಬೇಕು," ಎನ್ನುತ್ತಾರೆ ಕಮಲಾವತಿ.

ಹಾಗೆಂದು ಅವರೇನೂ ಮೊದಲಿನಿಂದ ಇಷ್ಟು ಕಟ್ಟುನಿಟ್ಟಿನವರಲ್ಲ. ಕೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಪ್ರಿಂಟ್ ಹೊಡೆದವರೇ. ಎರಡು ವರ್ಷದ ಹಿಂದೆ, ಆಗ ಎಂಟನೆಯ ತರಗತಿಯಲ್ಲಿದ್ದ ಮೊಮ್ಮಗಳು ನಿಶಾ 'ನನ್ನ ಅಜ್ಜಿ' ಎಂಬ ಪ್ರಾಜೆಕ್ಟ್ ತಂದಳು. ಅಜ್ಜಿಯೇ ಪ್ರಿಂಟ್ ತೆಗೆದು, ಅಂಚಿಗೆ ಸ್ಪೈರಲ್ ಸುರುಳಿ ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಕೊಟ್ಟರು. ಪೂರ್ತಿ ಅಂಕ ಬಂತು. ಪೋಷಕರ ಸಭೆಯಲ್ಲಿ ಅದನ್ನೇ ಗಟ್ಟಿಯಾಗಿ ಓದಿಸಿದರು. "ನನ್ನ ಅಜ್ಜಿ ಮಣ್ಣಿನ ಚಟ್ಟಿಯಲ್ಲಿ ಮತ್ತಿ ಮೀನಿನ ಸಾರು ಮಾಡುತ್ತಾಳೆ. ರಾತ್ರಿ ಹತ್ತಕ್ಕೆ ನಾವೆಲ್ಲ ಅವಳ ಸುತ್ತ ಕೂತು ಉಣ್ಣುತ್ತೇವೆ."

ಮೊಟ್ಟೆಯನ್ನೂ ಮುಟ್ಟದ ಮನೆಯ ಅಜ್ಜಿ ಮೂರನೆಯ ಸಾಲಿನಲ್ಲಿ ಕೂತಿದ್ದರು. ಸಭೆಯೇ ತಿರುಗಿ ನೋಡಿತು.

"ಮೀನಿಂದು ನಂಗೆ ಬೇಜಾರಿಲ್ಲ," ಎನ್ನುತ್ತಾರೆ ಅವರು. ದನಿ ಇವತ್ತಿಗೂ ಬಿಸಿಯಾಗಿದೆ. "ಬರ್ದ ಹುಡುಗಿಗೆ ನಾನು ಯಾರೂಂತ ಗೊತ್ತು. ಮಾರ್ಕ್ ಹಾಕಿದ ಟೀಚರಿಗೆ ಗೊತ್ತು. ಪ್ರಿಂಟ್ ತೆಗ್ದ ನಂಗಂತೂ ಗೊತ್ತೇ ಉಂಟಲ್ಲ. ಮೂರು ಜನರ ಕೈ ದಾಟಿ ಹೋಯ್ತು. ಒಬ್ರೂ ಓದ್ಲಿಲ್ಲ."

ಸಭೆಯ ಮಾರನೆಯ ದಿನದಿಂದಲೇ ಓದಲು ಶುರು ಮಾಡಿದರು. ಇದನ್ನು ಕೇಳುತ್ತಾ, ಬತ್ತೇರಿಯ ಬಗ್ಗೆ ನಾಲ್ಕು ಸಾಲು ಸಿಗಲಿ ಎಂದು ನೆಟ್ಟಿನಲ್ಲಿ ಹುಡುಕುತ್ತಿದ್ದ ನಾನು ಮೊಬೈಲನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ.

ನಾನು ಹೋದ ದಿನ ನಿಶಾಳ ಪ್ರಾಜೆಕ್ಟಿಗೂ ಕೊನೆಯ ದಿನ. ಈಗ ಹತ್ತನೆಯ ತರಗತಿ, ವಿಷಯ 'ಒಂದು ಊರಿನ ಬೆಳೆ'. ಅವಳು ನೆಟ್ಟಿನಿಂದ ಎತ್ತಿ ತಂದದ್ದನ್ನು ಅಜ್ಜಿ ಎರಡು ಸಲ ವಾಪಸು ಕಳಿಸಿದ್ದಾರೆ. ಎದುರಿನ ಅಂಗಡಿಗೆ ಹೋದರೆ ಮನೆಗೆ ಬರಬೇಡ ಎಂದೂ ಹೇಳಿದ್ದಾರೆ. ಒಂದು ವಾರದಿಂದ ನಿಶಾ ಅಜ್ಜಿಯೊಡನೆ ಮಾತಾಡಿಲ್ಲ. ಸೊಸೆ ರಶ್ಮಿಗೂ ತಾಳ್ಮೆ ತಪ್ಪಿದೆ. "ಅತ್ತೇ, ಎಲ್ಲ ಮಕ್ಳೂ ಮಾಡೂದೇ ಅಲ್ವಾ? ಮಾರ್ಕ್ ಹೋದ್ರೆ ಪ್ಲಸ್ ವನ್ ಸೀಟು ನೀವು ಕೊಡಿಸ್ತೀರಾ?" ಎಂದು ನನ್ನೆದುರೇ ಕೇಳಿದರು. ಪ್ಲಸ್ ವನ್ ಎಂದರೆ ನಮ್ಮ ಪಿಯುಸಿಯ ಮೊದಲ ವರ್ಷ. ಆ ಸೀಟಿನ ಭಯ ಕಮಲಾವತಿಗೂ ಇದೆ.

ಎಂಟೂ ಮುಕ್ಕಾಲಿಗೆ ನಿಶಾ ಬಂದಳು. ಕೈಯಲ್ಲಿ ಪೆನ್ನಿನಲ್ಲಿ ಬರೆದ ನಾಲ್ಕೇ ಹಾಳೆ. ಭಾನುವಾರ ಅಪ್ಪನ ಬೈಕಿನಲ್ಲಿ ಕಬಿನಿ ದಂಡೆಯ ಕೊಳವಳ್ಳಿಗೆ ಹೋಗಿ, ಅಯ್ಯಪ್ಪನ್ ಎಂಬ ರೈತರನ್ನು ಕೇಳಿ ಬರೆದದ್ದು. ಅಜ್ಜಿ ನಿಂತೇ ಓದಿದರು.

"ಶುಂಠಿ ಯಾಕೆ ಬಿಟ್ರಂತೆ?"

"ಬೇರು ಕೊಳೀತದಂತೆ. ಪಿನ್ನೆ, ಒಂದು ಸಲ ಹಾಕಿದ ಗದ್ದೇಲಿ ಮತ್ತೆ ಬರೂದಿಲ್ಲಂತೆ."

"ಆನೆ ಬಂದ್ರೆ ಎಂತ ಮಾಡ್ತಾರೆ?"

"ಅವ್ರ ಹೆಂಡ್ತಿ ಗದ್ದೆ ಅಂಚಲ್ಲಿ ರೇಡಿಯೋ ಜೋರು ಇಡ್ತಾರಂತೆ. ಈಗ ಆನೆಗೂ ಅಭ್ಯಾಸ ಆಗಿದೆ ಅಂತ ಹೇಳಿದ್ರು."

ಕಮಲಾವತಿಯ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಹೊಳೆ ಕರ್ನಾಟಕದಿಂದ ನಮ್ಮ ಕಡೆ ಬರ್ತದೆ ಅಂತ ಬರ್ದಿದ್ದೀಯ. ತಪ್ಪು. ಅದು ಇಲ್ಲಿಂದ ಅಲ್ಲಿಗೆ ಹೋಗೂದು."

"ನಾನು ನೋಡಿದೆ ಅಜ್ಜಿ. ದಂಡೆ ಹತ್ರ ನೀರು ತಿರುಗಿ ಹಿಂದೆ ಬರ್ತಿತ್ತು. ಒಂದು ಕಡ್ಡಿ ಹಾಕಿ ನೋಡಿದೆ."

ಅಜ್ಜಿ ಬೆಂಚಿನ ದಾರದಿಂದ ಒಂದು ಪೆನ್ನು ಬಿಚ್ಚಿದರು. "ಹಾಗಾದ್ರೆ ದಂಡೇಲಿ ಮಾತ್ರ ತಿರುಗೂದೂಂತ ಬರಿ. ಕಡ್ಡಿ ಹಾಕಿದ್ದನ್ನೂ ಬರಿ," ಎಂದು ಅದನ್ನು ಕೊಟ್ಟರು. ಆಮೇಲೆ ಆ ನಾಲ್ಕು ಹಾಳೆಗೆ ತಾವೇ ಸುರುಳಿ ಹಾಕಿದರು.

ಹದಿನೈದು ದಿನ ಬಿಟ್ಟು ಫೋನ್ ಮಾಡಿದೆ. ನಿಶಾಳಿಗೆ ಇಪ್ಪತ್ತಕ್ಕೆ ಹನ್ನೆರಡು ಬಂದಿದೆ. ಮಾಹಿತಿ ಸಾಲದು, ಚಿತ್ರಗಳಿಲ್ಲ ಎಂದು ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಎದುರಿನ ಅಂಗಡಿಯಲ್ಲಿ ಬಣ್ಣದಲ್ಲಿ ತೆಗೆಸಿದವರಿಗೆಲ್ಲ ಹತ್ತೊಂಬತ್ತು. ನನಗೆ ಸಿಟ್ಟೇ ಬಂತು. ರಶ್ಮಿ ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲವಂತೆ. ಪಶ್ಚಾತ್ತಾಪ ಆಗುತ್ತಿದೆಯೇ ಎಂದು ಕೇಳಿದೆ. ಆಚೆ ಕಡೆ ಮೆಷಿನ್ ಓಡುವ ಸದ್ದು ನಿಂತಿತು.

"ಆ ಹತ್ತೊಂಬತ್ತು ಯಾರದ್ದೂಂತ ಯಾರಿಗೂ ಗೊತ್ತಿಲ್ಲ," ಎಂದರು ಕಮಲಾವತಿ. "ಈ ಹನ್ನೆರಡು ನಮ್ಮ ನಿಶಾಂದು."